ಟ್ರೀಸಾ ಬಾಯಿಯ ಬ್ರೆಡ್ ಬಟ್ಟೆ

ಊಟ ಆಯ್ತಾ ಎಂದು ಕೇಳಿದರೆ ‘ಇಲ್ಲ’ ಎನ್ನುವ ಹೆಂಗಸನ್ನು ನಾನಿನ್ನೂ ನೋಡಬೇಕಾಗಿದೆ. ಉಡುಪಿಯಲ್ಲಿ ನೋಡಲಿಲ್ಲ, ಬಂದು ಇಷ್ಟು ವರ್ಷವಾದ ಈ ಕ್ವಾಲಾಲಂಪುರದಲ್ಲೂ ನೋಡಲಿಲ್ಲ. ಇಲ್ಲಿಯವರಂತೂ ದಾರಿಯಲ್ಲಿ ಸಿಕ್ಕವರನ್ನು ಮಾತಾಡಿಸುವುದೇ “ಸುದಾ ಮಾಕನ್?” ಎಂದು, ತಿಂದಾಯಿತಾ ಅಂತ. ಸತ್ಯ ಹೇಳುವವರು ಯಾರು? ಎಲ್ಲರೂ ಆಯಿತು ಎನ್ನುತ್ತಾರೆ. ನಮ್ಮ ಎದುರು ಕಟ್ಟಡದ ಟ್ರೀಸಾ ಬಾಯಿಯೂ ಆಯಿತು, ಆಯಿತು ಎನ್ನುತ್ತಲೇ ಇದ್ದರು. ಜೀವ ಹೋಗುವ ವಾರದವರೆಗೂ ಹಾಗೆಯೇ ಹೇಳಿದರು. ನೆನೆದರೆ ನನಗೆ ಅಳುವಿಗಿಂತ ಮೊದಲು ಸಿಟ್ಟು ಬರುತ್ತದೆ.

ಬ್ರಿಕ್‌ಫೀಲ್ಡ್ಸ್‌ನ ಒಂದು ಹಿಂದಿನ ಓಣಿಯಲ್ಲಿ ಲಿಫ್ಟಿಲ್ಲದ ಎರಡು ಹಳೆಯ ಕಟ್ಟಡಗಳು ಎದುರುಬದುರಾಗಿ ನಿಂತಿವೆ. ಒಂದರ ಮೂರನೇ ಮಹಡಿಯಲ್ಲಿ ನಾವಿದ್ದೇವೆ: ನಾನು ಸುಮತಿ, ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡುವ ನನ್ನ ಗಂಡ ಮಧ್ವರಾಜ, ಮಗಳು ತನ್ವಿ. ಇವರ ಜೊತೆಯ ಡಾಕ್ಟರುಗಳೆಲ್ಲ ಮಾಂಟ್ ಕಿಯಾರಾದಲ್ಲಿ ಈಜುಕೊಳವಿರುವ ಮನೆ ಹಿಡಿದರು. ಈಜುಕೊಳ ಕಟ್ಟಿಕೊಂಡು ನನಗೇನಾಗಬೇಕು? ಮೆಟ್ಟಿಲಿಳಿದರೆ ಕರಿಬೇವು, ತೆಂಗಿನಕಾಯಿ, ಬಾಳೆಲೆ ಸಿಗಬೇಕು. ಹಾಗಾಗಿ ಇಲ್ಲೇ ಉಳಿದೆವು. ಎದುರು ಕಟ್ಟಡದಲ್ಲಿ, ನನ್ನ ಅಡುಗೆಮನೆಯ ನೇರಕ್ಕೇ ಟ್ರೀಸಾ ಬಾಯಿಯ ಕಿಟಕಿ. ಅದೇ ಕಟ್ಟಡದ ನೆಲಮಹಡಿಯಲ್ಲಿ ಗಿರಿಜಮ್ಮ. ಅವಳು ಇಲ್ಲೇ ಹುಟ್ಟಿದವಳು, ಮನೆಮಾತು ಹೊಸೂರು ಕಡೆಯ ಕನ್ನಡ, ಬೀದಿಮಾತು ತಮಿಳು. ದೇವಸ್ಥಾನದ ಮುಂದೆ ಹೂ ಕಟ್ಟಿ ಮಾರುತ್ತಿದ್ದಳು. ನನಗೂ ಅವಳಿಗೂ ಏಕವಚನದ ಸ್ನೇಹ. ಟ್ರೀಸಾ ಬಾಯಿಯನ್ನೂ ಅವಳು ‘ಬಾಯಮ್ಮಾ’ ಎಂದು ಏಕವಚನದಲ್ಲೇ ಕರೆಯುತ್ತಿದ್ದಳು, ನಾನು ಮಾತ್ರ ಬಹುವಚನ ಬಿಟ್ಟವಳಲ್ಲ.

ಬಾಯಿ ಬಂಟ್ವಾಳದ ಕಡೆಯ ಕ್ರಿಶ್ಚಿಯನ್ನರು. ಹುಡುಗಿಯಾಗಿದ್ದಾಗಲೇ ಮಂಗಳೂರಿನ ಕಾನ್ವೆಂಟಿನ ಅಡುಗೆಮನೆ ಸೇರಿದ್ದರು. ಅಲ್ಲಿಂದ ಮಲೇಷ್ಯಾಕ್ಕೆ, ವಯಸ್ಸಾದ ನನ್‌ಗಳನ್ನು ನೋಡಿಕೊಳ್ಳಲು ಬಂದವರು ತಿರುಗಿ ಹೋಗಲೇ ಇಲ್ಲ. ಮದುವೆ ಆಗಲಿಲ್ಲ. ಊರಲ್ಲಿ ಇದ್ದ ಒಬ್ಬ ಅಣ್ಣ ತೀರಿಕೊಂಡ ಮೇಲೆ ಅಲ್ಲಿ ಅವರನ್ನು ಕೇಳುವವರೂ ಉಳಿಯಲಿಲ್ಲ. ಅವರಿಗೆ ತಾಯಿಯೋ ಗುರುವೋ ಎನ್ನುವ ಹಾಗೆ ಇದ್ದದ್ದು ಸಿಸ್ಟರ್ ಅಟ್ರಾಕ್ಟಾ ಎಂಬ ಐರ್ಲೆಂಡಿನ ಮುದುಕಿ. ಆ ಸಿಸ್ಟರ್ ಇಲ್ಲಿಯ ಶಾಲೆಯಲ್ಲಿ ಪಾಠ ಹೇಳಿ, ಇಲ್ಲೇ ಮುದುಕಿಯಾಗಿ, ಇಲ್ಲೇ ಮಣ್ಣಾದರು. ಸಾಯುವ ಮೊದಲು ತನ್ನ ಹಳ್ಳಿಮನೆಯ ಬ್ರೆಡ್ಡನ್ನು ಟ್ರೀಸಾ ಬಾಯಿಯ ಕೈಗೆ ಕಲಿಸಿ ಹೋದರು.

ಅದನ್ನು ನಾನು ಮೊದಲು ನೋಡಿದ್ದು ಈ ಮನೆಗೆ ಬಂದ ಹೊಸತರಲ್ಲಿ. ಬಾಯಿ ಮೆಟ್ಟಿಲು ಹತ್ತಿಕೊಂಡು ಬಂದು, ಬಟ್ಟೆಯಲ್ಲಿ ಸುತ್ತಿದ ದುಂಡನೆಯದೊಂದನ್ನು ನನ್ನ ಕೈಗೆ ಕೊಟ್ಟರು. ಇನ್ನೂ ಬಿಸಿಯಿತ್ತು.

“ಮೊಟ್ಟೆ ಗಿಟ್ಟೆ ಉಂಟಾ ಬಾಯಿ?” ಎಂದೆ. ಅನುಮಾನ ನನ್ನ ಹುಟ್ಟುಗುಣ.

“ಮೊಟ್ಟೆ ಇಲ್ಲ, ಈಸ್ಟ್ ಇಲ್ಲ, ಎಂತ ಸಾ ಇಲ್ಲ ಸುಮತಿಯಮ್ಮ. ಹಿಟ್ಟು, ಉಪ್ಪು, ಸೋಡ, ಮಜ್ಜಿಗೆ. ಬೇಕಾದ್ರೆ ನಿಮ್ಮ ಮಠದಲ್ಲಿ ಸಾ ತಿನ್ನಬಹುದು!”

ಮಜ್ಜಿಗೆ ಹಾಕಿ ಬ್ರೆಡ್ ಮಾಡುತ್ತಾರೆಂದು ನನಗೆ ಅದುವರೆಗೆ ಗೊತ್ತಿರಲಿಲ್ಲ. ಸಿಸ್ಟರ್ ಹುಟ್ಟಿದ ಹಳ್ಳಿಯಲ್ಲಿ ಬೇಕರಿ ಎನ್ನುವುದೇ ಇರಲಿಲ್ಲವಂತೆ. ಮನೆಯಲ್ಲಿ ಹಸು, ಬೆಣ್ಣೆ ಕಡೆದ ಮೇಲೆ ಉಳಿದ ಮಜ್ಜಿಗೆ, ಅದಕ್ಕೆ ಸೋಡ. ದಿನ ಬೆಳಗಾದರೆ ಮನೆಯ ಹೆಂಗಸು ಅದನ್ನು ಮಾಡಲೇಬೇಕು, ನಮ್ಮಲ್ಲಿ ದೋಸೆಗೆ ನೆನೆಹಾಕುವ ಹಾಗೆ. ಚಪಾತಿ ಹಿಟ್ಟಿನಂತೆ ನಾದಿದರೆ ಕೆಟ್ಟಿತು, ಕಲ್ಲಾಗುತ್ತದೆ. ಸುಮ್ಮನೆ ಕೈಯಾಡಿಸಿ ಒಟ್ಟುಮಾಡಬೇಕು. ಸೋಡ ಮಜ್ಜಿಗೆ ಕೂಡಿದ ಮೇಲೆ ಹರಟೆ ಹೊಡೆಯುತ್ತ ನಿಲ್ಲಬಾರದು, ತಕ್ಷಣ ಬೆಂಕಿಗಿಡಬೇಕು. ಬೆಂಕಿಯೋ, ಅದು ಇನ್ನೊಂದು ಕಥೆ. ಜೌಗು ನೆಲದ ಮಣ್ಣನ್ನು ಹೆಂಟೆಹೆಂಟೆಯಾಗಿ ಕಡಿದು ಒಣಗಿಸಿ ಉರಿಸುತ್ತಿದ್ದರಂತೆ. “ಮಣ್ಣು ಉರೀತದಂತೆ ಮಾರಾಯ್ರೆ! ನಾನು ಸಿಸ್ಟರಿಗೆ ತಲೆ ಕೆಟ್ಟಿದೆ ಅಂತ ಮಾಡಿದ್ದೆ” ಎಂದು ಬಾಯಿ ನಗುತ್ತಿದ್ದರು. ಆ ಬೆಂಕಿಯ ಮೇಲೆ ದಪ್ಪ ಕಬ್ಬಿಣದ ಪಾತ್ರೆ, ಮುಚ್ಚಳದ ಮೇಲೆ ಮತ್ತೆ ಕೆಂಡ. ಇದು ಮಾತ್ರ ಬಾಯಿಗೆ ಹೇಳಿಕೊಡಬೇಕಾಗಿರಲಿಲ್ಲ. ಅವರ ಅಮ್ಮನೂ ಕ್ರಿಸ್ಮಸ್ಸಿಗೆ ಕೇಕನ್ನು ಹಾಗೆಯೇ ಕೆಳಗೆ ಕೆಂಡ ಮೇಲೆ ಕೆಂಡ ಇಟ್ಟು ಬೇಯಿಸಿದವರು.

ಬ್ರೆಡ್ಡಿನ ನೆತ್ತಿಯ ಮೇಲೆ ಚಾಕುವಿನಿಂದ ಶಿಲುಬೆಯ ಗೆರೆ ಎಳೆಯುವುದೂ ಇತ್ತು. ದೇವರಿಗಾ ಎಂದು ಕೇಳಿದರೆ, ದೇವರಿಗೂ ಹೌದು, ಒಳಗೆ ಸೇರಿಕೊಂಡ ಭೂತ ಹೊರಗೆ ಹೋಗಲಿ ಅಂತಲೂ ಹೌದು ಎಂದು ಸಿಸ್ಟರ್ ಹೇಳಿದ್ದರಂತೆ. “ನಮ್ಮ ಊರಲ್ಲಿ ಭೂತಕ್ಕೆ ಕೋಲ ಕೊಟ್ಟು ಕರೀತಾರೆ, ಇವರು ಚೂರಿ ತೋರಿಸಿ ಓಡಿಸ್ತಾರೆ” ಎನ್ನುತ್ತಿದ್ದರು ಬಾಯಿ.

ಬಾಂಗ್ಸಾರ್‌ನ ಒಂದು ಕಾಫಿ ಹೋಟೆಲಿನವರು ಆ ಬ್ರೆಡ್ಡಿಗೆ ಮನಸೋತು, ಬಾಯಿಯನ್ನೇ ಅಡುಗೆಮನೆಗೆ ಕರೆಸಿಕೊಂಡರು. ಅವರ ಹೊಟ್ಟೆಪಾಡು ನಡೆದದ್ದು ಅದರಿಂದಲೇ. ಮನೆಗೆ ಬಂದ ಮೇಲೂ ತಮ್ಮ ಪುಟ್ಟ ಓವನ್ನಿನಲ್ಲಿ ನಮಗಾಗಿ ಬೇಯಿಸುತ್ತಿದ್ದರು. ಒಮ್ಮೆ ಮಜ್ಜಿಗೆ ಮುಗಿದು, ಗಿರಿಜಮ್ಮನಿಗೆ ಅಂಗಡಿಯಿಂದ ತರಲು ಹೇಳಿದರು. ಇವಳು ತಮಿಳರ ಅಂಗಡಿಯಿಂದ ‘ಮೋರು’ ಎನ್ನುವ ಮಸಾಲೆ ಮಜ್ಜಿಗೆ ತಂದುಕೊಟ್ಟಳು, ಶುಂಠಿ, ಹಸಿಮೆಣಸು, ಕರಿಬೇವು ಎಲ್ಲ ಇದ್ದದ್ದು. ಬಾಯಿ ನೋಡದೆ ಸುರಿದರು. ಬ್ರೆಡ್ ಮುರಿದಾಗ ಒಳಗಿನಿಂದ ಕರಿಬೇವು ಇಣುಕಿತು.

“ಸಿಸ್ಟರ್ ಇದ್ದಿದ್ರೆ ನನ್ನನ್ನು ಅಡುಗೆಮನೆಯಿಂದ ಹೊರಗೆ ಹಾಕ್ತಿದ್ರು” ಎಂದು ಬಾಯಿ ಮುಖ ಊದಿಸಿಕೊಂಡರೆ, ಗಿರಿಜಮ್ಮ ಎರಡನೇ ತುಂಡಿಗೆ ಕೈ ಹಾಕುತ್ತ, “ಬಾಯಮ್ಮಾ, ಇನ್ಮೇಲೆ ಹಿಂಗೇ ಮಾಡು! ಆ ಸಪ್ಪೆದು ಯಾರ್ ತಿಂತಾರೆ?” ಎಂದಳು. ನಾವು ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಇನ್ನು ಬಟ್ಟೆಯ ವಿಷಯ. ಬೆಂದ ಬ್ರೆಡ್ಡನ್ನು ಬಟ್ಟೆಯಲ್ಲಿ ಸುತ್ತಿಡಬೇಕು, ಇಲ್ಲದಿದ್ದರೆ ಮೇಲಿನ ಪದರ ಒಣಗಿ ಹಲ್ಲಿಗೆ ಜಗ್ಗುವುದಿಲ್ಲ. ಸಿಸ್ಟರ್ ಮನೆಯಲ್ಲಿ ಹಿಟ್ಟು ಬರುತ್ತಿದ್ದದ್ದು ಹತ್ತಿಬಟ್ಟೆಯ ಚೀಲದಲ್ಲಿ. ಅವರಮ್ಮ ಅದನ್ನು ಕುದಿಸಿ, ಮೇಲಿನ ಅಚ್ಚು ಹೋಗುವವರೆಗೆ ತಿಕ್ಕಿ, ಬ್ರೆಡ್ ಬಟ್ಟೆ ಮಾಡಿಕೊಳ್ಳುತ್ತಿದ್ದರು. ಬ್ರೆಡ್ ಆರಿದ ಕೂಡಲೇ ಬಿಚ್ಚಿ ಒಗೆದು ಬೇಲಿಯ ಮೇಲೆ ಹರವುವುದು. ದಾರಿಯಲ್ಲಿ ಹೋಗುವವರಿಗೆ ಗೊತ್ತಾಗುತ್ತಿತ್ತು, ಈ ಮನೆಯಲ್ಲಿ ಇವತ್ತು ಬ್ರೆಡ್ ಆಗಿದೆ ಎಂದು. ಬಾಯಿಯೂ ಅಂಥದೇ ಒಂದು ಚೀಲದ ಬಟ್ಟೆ ಇಟ್ಟುಕೊಂಡಿದ್ದರು. ಇಲ್ಲಿ ಬೇಲಿ ಎಲ್ಲಿಂದ ಬರಬೇಕು? ಕಿಟಕಿಯಾಚೆ ಬಟ್ಟೆ ಒಣಹಾಕುವ ಬಿದಿರು ಗಳಕ್ಕೆ ಎರಡು ಕ್ಲಿಪ್ ಹಾಕಿ ಇಳಿಬಿಡುತ್ತಿದ್ದರು. ನಮ್ಮ ಎರಡೂ ಕಟ್ಟಡದವರಿಗೆ ಅದು ತಿಳಿದ ಸಂಗತಿ. ಬಿಳಿ ಬಟ್ಟೆ ಕಂಡರೆ ಬಾಯಿ ಬ್ರೆಡ್ ಮಾಡಿದ್ದಾರೆ ಎಂದರ್ಥ. ಗಿರಿಜಮ್ಮ ತಟ್ಟೆ ಹಿಡಿದು ಮೆಟ್ಟಿಲು ಹತ್ತುವುದೂ ಆಗಲೇ.

ಕೊರೋನಾ ಬಂತು. ಎಲ್ಲ ಮುಚ್ಚಿದರು. ದೇವಸ್ಥಾನ ಮುಚ್ಚಿ ಗಿರಿಜಮ್ಮನ ಹೂವಿನ ವ್ಯಾಪಾರ ನಿಂತಿತು, ಬಾಂಗ್ಸಾರ್‌ನ ಕಾಫಿ ಹೋಟೆಲು ಮುಚ್ಚಿ ಬಾಯಿಯ ಕೆಲಸ ಹೋಯಿತು. ಒಮ್ಮೆ ತೆರೆದ ಹಾಗೆ ಮಾಡಿದರು, ಮತ್ತೆ ಮುಚ್ಚಿದರು. ಎರಡನೆಯ ವರ್ಷ ಬರುವಷ್ಟರಲ್ಲಿ ಆ ಹೋಟೆಲಿನವರು ಬೋರ್ಡನ್ನೇ ಇಳಿಸಿ ಹೋಗಿಬಿಟ್ಟಿದ್ದರು. ಎಪ್ಪತ್ತರ ಹತ್ತಿರದ ಹೆಂಗಸಿಗೆ ಆ ಕಾಲದಲ್ಲಿ ಯಾರು ಕೆಲಸ ಕೊಡುತ್ತಾರೆ? ಬಾಯಿ ತಿನ್ನುವುದೇನು ಎಂಬ ಪ್ರಶ್ನೆ ನನ್ನನ್ನು ಕೊರೆಯುತ್ತಲೇ ಇತ್ತು. ಆದರೆ ಎರಡು ಮೂರು ದಿನಕ್ಕೊಮ್ಮೆ ಕಿಟಕಿಯಲ್ಲಿ ಬ್ರೆಡ್ ಬಟ್ಟೆ ಕಾಣುತ್ತಿತ್ತು. ಸದ್ಯ, ಹಿಟ್ಟಾದರೂ ಇದೆಯಲ್ಲ ಎಂದುಕೊಳ್ಳುತ್ತಿದ್ದೆ. ಸೋಂಕಿನ ಭಯಕ್ಕೆ ಗಿರಿಜಮ್ಮನೂ ತಟ್ಟೆ ಹಿಡಿದು ಹೋಗುವುದನ್ನು ಬಿಟ್ಟಿದ್ದಳು.

ನಾನು ಹುಳಿ, ಅನ್ನ, ಪಲ್ಯ ಡಬ್ಬಿಗೆ ತುಂಬಿ ಅವರ ಬಾಗಿಲ ಹಿಡಿಕೆಗೆ ಸಿಕ್ಕಿಸಿ ಬರುತ್ತಿದ್ದೆ. ನಮ್ಮ ಕಡೆಯ ಹೆಂಗಸರ ರೋಗ ನಿಮಗೆ ಗೊತ್ತೇ ಇದೆಯಲ್ಲ, ಬಂದ ಪಾತ್ರೆಯನ್ನು ಬರಿದಾಗಿ ವಾಪಸು ಕೊಡುವ ಹಾಗಿಲ್ಲ. ಮೊದಮೊದಲು ನನ್ನ ಡಬ್ಬಿಯಲ್ಲಿ ಬ್ರೆಡ್ಡಿನ ಒಂದು ಕಾಲು ಭಾಗ ಬರುತ್ತಿತ್ತು. ಆಮೇಲೆ ಒಂದು ಚೂರು. ಆಮೇಲೆ ಒಂದು ಹಿಡಿ ಸಕ್ಕರೆ. ಅದಾದ ಮೇಲೆ ಬಾಯಿ ಡಬ್ಬಿ ತೆಗೆದುಕೊಳ್ಳುವುದನ್ನೇ ನಿಲ್ಲಿಸಿದರು.

“ಬೇಡ ಸುಮತಿಯಮ್ಮ, ನಿಮ್ಮ ಹುಳಿ ನನಗೆ ಹೊಟ್ಟೆಗೆ ಆಗುವುದಿಲ್ಲ, ಗ್ಯಾಸು” ಎಂದು ಫೋನಿನಲ್ಲಿ ಹೇಳಿದರು.

ನನಗೆ ಎಲ್ಲಿಲ್ಲದ ಕೋಪ ಬಂತು. ಇಷ್ಟು ವರ್ಷ ಇಲ್ಲದ ಗ್ಯಾಸು ಈಗ ಬಂತಾ! ನನ್ನ ಹುಳಿಗೆ ಹೆಸರಿಟ್ಟರಲ್ಲ ಎಂದು ಒಂದು ವಾರ ಫೋನು ಮಾಡಲಿಲ್ಲ. ಡಬ್ಬಿಗೆ ಹಾಕಿಕೊಡಲು ಅವರ ಮನೆಯಲ್ಲಿ ಏನೂ ಉಳಿದಿರಲಿಲ್ಲ ಎಂದು ಆಗ ಯಾರಿಗೆ ಹೊಳೆಯಬೇಕು?

ಎರಡು ಸಾವಿರದ ಇಪ್ಪತ್ತೊಂದರ ಜುಲೈ. ಆಗಲೇ ಬಿಳಿ ಬಾವುಟದ ಮಾತು ಶುರುವಾದದ್ದು. ಮನೆಯಲ್ಲಿ ಊಟಕ್ಕಿಲ್ಲದವರು ಬಾಗಿಲಿಗೋ ಕಿಟಕಿಗೋ ಒಂದು ಬಿಳಿ ಬಟ್ಟೆ ಕಟ್ಟಬೇಕು. ಬೇಡಬೇಕಾಗಿಲ್ಲ, ಕಾರಣ ಹೇಳಬೇಕಾಗಿಲ್ಲ. ನೋಡಿದವರು ಅಕ್ಕಿಬೇಳೆ ತಂದುಕೊಡುತ್ತಾರೆ. ತನ್ವಿ ಫೋನಿನಲ್ಲಿ ಚಿತ್ರ ತೋರಿಸಿದಳು. “ಯುದ್ಧದಲ್ಲಿ ಸೋತವರು ಹಿಡಿಯುವುದಲ್ವಾ ಇದು?” ಎಂದೆ. “ಇಟ್ಸ್ ನಾಟ್ ಸರೆಂಡರ್ ಅಮ್ಮಾ, ಇಟ್ಸ್ ಜಸ್ಟ್ ಹೆಲ್ಪ್‌ಲಾ” ಎಂದಳು.

ಗಿರಿಜಮ್ಮ ಒಂದು ಕ್ಷಣವೂ ಯೋಚಿಸಲಿಲ್ಲ. ದಿಂಬಿನ ಚೀಲ ಬಿಚ್ಚಿ ಪೊರಕೆಕಡ್ಡಿಗೆ ಕಟ್ಟಿ ಬಾಗಿಲಿಗೆ ಸಿಕ್ಕಿಸಿದಳು. ಮಾರನೇ ದಿನವೇ ಅಕ್ಕಿ, ಎಣ್ಣೆ, ಮೊಟ್ಟೆ, ಬಿಸ್ಕತ್ತು ಬಂತು. ತಂದುಕೊಟ್ಟವರು ಕಾಲೇಜು ಓದುವ ಹೆಣ್ಣುಮಕ್ಕಳು. ಗಿರಿಜಮ್ಮ ಅವರಿಗೆ ಓಣಿಯೆಲ್ಲ ತೋರಿಸುತ್ತ, ಯಾರ ಮನೆಯಲ್ಲಿ ಮಕ್ಕಳಿದ್ದಾರೆ, ಯಾರ ಮನೆಯಲ್ಲಿ ಕಾಯಿಲೆಯಿದೆ ಎಂದೆಲ್ಲ ಹೇಳಿಕೊಡತೊಡಗಿದಳು.

ನಾನು ಸಿಟ್ಟು ಬಿಟ್ಟು ಬಾಯಿಗೆ ಫೋನು ಮಾಡಿದೆ. “ಬಾಯಿ, ನೀವೂ ಒಂದು ಬಾವುಟ ಹಾಕಿ. ಗಿರಿಜಮ್ಮ ಹಾಕಿದಳು, ಏನಾಯಿತು ಅವಳಿಗೆ?”

“ಎಂತ ಬಾವುಟ ಮಾರಾಯ್ರೆ! ನನಗೆಂತ ಆಗಿದೆ?”

“ಊಟ ಆಯ್ತಾ?”

“ಆಯ್ತು, ಆಯ್ತು.” ಆಮೇಲೆ ಸಿಸ್ಟರ್ ಅಟ್ರಾಕ್ಟಾರ ತಾಯಿಯ ಕಥೆಯೊಂದನ್ನು ಹೇಳಿದರು. ಮನೆಯಲ್ಲಿ ಹಿಟ್ಟಿಲ್ಲದ ದಿನವೂ ಆ ತಾಯಿ ಬ್ರೆಡ್ ಬಟ್ಟೆಯನ್ನು ನೀರಲ್ಲದ್ದಿ ಬೇಲಿಗೆ ಹಾಕುತ್ತಿದ್ದಳಂತೆ, ಮಕ್ಕಳು ಹಸಿದಿದ್ದಾರೆಂದು ಊರಿಗೆ ಗೊತ್ತಾಗಬಾರದು ಅಂತ. “ಹಾಗೆ ಇರಬೇಕು ಸುಮತಿಯಮ್ಮ. ಮರ್ಯಾದಿ” ಎಂದರು.

ನನ್ನ ಹಾಳು ನಾಲಿಗೆಗೆ ಎಲುಬಿಲ್ಲ. “ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವಾ?” ಎಂದುಬಿಟ್ಟೆ. ಬಾಯಿ ಫೋನು ಇಟ್ಟರು. ನಾನು ತಮಾಷೆಗೆ ಹೇಳಿದ್ದು. ಆ ಗಾದೆ ಅಷ್ಟು ಅಕ್ಷರಶಃ ನಿಜವೆಂದು ನನಗೇನು ಕನಸು ಬಿದ್ದಿತ್ತೇ?

ಅದಾಗಿ ಕೆಲವೇ ದಿನಕ್ಕೆ ಮಧ್ವರಾಜರಿಗೆ ಜ್ವರ ಬಂತು, ನನಗೂ ತನ್ವಿಗೂ ಬಂತು. ಆರೋಗ್ಯ ಇಲಾಖೆಯವರು ಕೈಗೆ ಕ್ವಾರಂಟೈನಿನ ಪಟ್ಟಿ ಕಟ್ಟಿ, ಬಾಗಿಲು ದಾಟಬಾರದೆಂದು ಹೇಳಿಹೋದರು. ಅಡುಗೆಮನೆಯ ಕಿಟಕಿಯೊಂದೇ ನನ್ನ ಪ್ರಪಂಚವಾಯಿತು. ಒಂದು ಬೆಳಿಗ್ಗೆ ಕಷಾಯ ಕುಡಿಯುತ್ತ ನೋಡಿದರೆ, ಎದುರಿನ ಗಳದಲ್ಲಿ ಬಿಳಿ ಬಟ್ಟೆ. ಎಷ್ಟೋ ದಿನದಿಂದ ಕಂಡಿರಲಿಲ್ಲ. ಅಬ್ಬ, ಬಾಯಿಗೆ ಎಲ್ಲಿಂದಲೋ ಹಿಟ್ಟು ಸಿಕ್ಕಿರಬೇಕು ಎಂದು ಸಮಾಧಾನವಾಯಿತು. ನನ್ನ ಮೂಗಿಗೆ ಆಗ ವಾಸನೆಯೇ ಹತ್ತುತ್ತಿರಲಿಲ್ಲ. ಬ್ರೆಡ್ ಬೆಂದಿದೆಯೋ ಇಲ್ಲವೋ ತಿಳಿಯುವುದಕ್ಕೂ ಆಗುವಂತಿರಲಿಲ್ಲ.

ಅದೇ ಹೊತ್ತಿಗೆ ಆ ಕಾಲೇಜು ಹುಡುಗಿಯರು ಚೀಲಗಳನ್ನು ಹೊತ್ತು ಓಣಿಗೆ ಬಂದರು. ಅವರಲ್ಲೊಬ್ಬಳು ತಲೆಯೆತ್ತಿ ಬಾಯಿಯ ಕಿಟಕಿಯನ್ನು ತೋರಿಸಿದಳು. ಗಿರಿಜಮ್ಮ ನಗುತ್ತ ಕೈಯಾಡಿಸಿ ಏನೋ ಹೇಳಿದಳು. ಹುಡುಗಿಯರೂ ನಕ್ಕರು. ಮೆಟ್ಟಿಲು ಹತ್ತಲು ಹೊರಟವರು ತಿರುಗಿ, ಅವಳ ಹಿಂದೆ ಪಕ್ಕದ ಓಣಿಗೆ ಹೋದರು. ಜ್ವರಕ್ಕೆ ಕಿವಿ ಕಟ್ಟಿದ್ದ ನನಗೆ ಮಾತು ಕೇಳಿಸಲಿಲ್ಲ, ನಗು ಮಾತ್ರ ಕಂಡಿತು. ಗಿರಿಜಮ್ಮನದು ಕಟ್ಟಡವೆಲ್ಲ ಕೇಳಿಸುವ ಗಂಟಲು. ಬಾಯಿಗೆ ಕೇಳಿಸದೆ ಇದ್ದಿರಲಾರದು.

ಆಮೇಲೆ ಅವಳೇ ನನಗೆ ಹೇಳಿದಳು. ಅವಳು ಅಂದದ್ದು ಇಷ್ಟೇ: “ಅಯ್ಯೋ ಪಾಪ, ಅದು ಬಾವುಟ ಅಲ್ಲಮ್ಮ! ಅದು ನಮ್ ಬಾಯಮ್ಮನ ಬ್ರೆಡ್ ಬಟ್ಟೆ. ಅವಳು ನಿಮಗೇ ತಿನ್ನಕ್ಕೆ ಕೊಡ್ತಾಳೆ, ಅಂಥವಳು. ಬನ್ನಿ, ನಿಜವಾಗ್ಲೂ ಇಲ್ಲದವರ ಮನೆ ತೋರಿಸ್ತೀನಿ.”

ಹುಡುಗಿಯರನ್ನು ಕಳಿಸಿ ಬಂದವಳೇ, ಬಹಳ ದಿನವಾಯಿತೆಂದು ತಟ್ಟೆ ಹಿಡಿದು ಮೆಟ್ಟಿಲು ಹತ್ತಿದಳು. ಜೊತೆಗೆ ತನಗೆ ಬಂದ ಮೊಟ್ಟೆಯಲ್ಲಿ ನಾಲ್ಕನ್ನು ಸೆರಗಿನಲ್ಲಿ ಇಟ್ಟುಕೊಂಡಿದ್ದಳು. ಬಾಗಿಲು ಬಡಿದಳು. ಬಾಯಿ ಬಾಗಿಲು ತೆಗೆಯಲಿಲ್ಲ.

“ಬಾಯಮ್ಮಾ, ಬ್ರೆಡ್ಡು!”

“ಮುಗೀತು ಗಿರಿಜಮ್ಮ” ಎಂದು ಒಳಗಿನಿಂದ ದನಿ ಬಂತು. “ಇವತ್ತು ಎಲ್ಲ ಮುಗೀತು. ನೀನು ಹೋಗು, ನನಗೆ ಶೀತ ಆಗಿದೆ, ಹತ್ತಿರ ಬರಬೇಡ.”

“ಒಂದು ಚೂರೂ ಎತ್ತಿಡಲಿಲ್ವಾ ನಂಗೆ? ಹೋಗು ಬಾಯಮ್ಮಾ, ನಿನ್ನ ಟೂ ಬಿಟ್ಟೆ!” ಎಂದು ಇವಳು ಹುಸಿಮುನಿಸು ಮಾಡಿಕೊಂಡು, ಮೊಟ್ಟೆಯನ್ನೂ ಹಿಡಿದುಕೊಂಡೇ ಇಳಿದು ಬಂದಳು. ಬ್ರೆಡ್ ಕೊಡದವಳಿಗೆ ಮೊಟ್ಟೆ ಯಾಕೆ ಎಂದು ತಮಾಷೆ. ಸಂಜೆ ಕೊಟ್ಟರಾಯಿತು ಎಂದುಕೊಂಡಳಂತೆ. ಸಂಜೆ ಯಾವುದೋ ಕೆಲಸದಲ್ಲಿ ಮರೆತಳು.

ಮಾರನೇ ದಿನ ಮಧ್ಯಾಹ್ನ ಹೊಯ್ಯೆಂದು ಮಳೆ ಸುರಿಯಿತು. ಎಲ್ಲ ಕಿಟಕಿಯ ಬಟ್ಟೆಗಳೂ ಒಳಗೆ ಹೋದವು. ಬಾಯಿಯ ಬಿಳಿ ಬಟ್ಟೆ, ಹಿಂದಿನ ದಿನ ಬೆಳಿಗ್ಗೆಯದೇ, ಹೋಗಲಿಲ್ಲ. ಒದ್ದೆಯಾಗಿ ಗಳಕ್ಕೆ ಅಂಟಿಕೊಂಡಿತು. ಆ ಬಟ್ಟೆಯನ್ನು ಒಂದು ದಿನವೂ ಕತ್ತಲಾಗುವವರೆಗೆ ಹೊರಗೆ ಬಿಟ್ಟವರಲ್ಲ ಬಾಯಿ. ಕನ್ನಡಕ ಹಾಕಿಕೊಂಡು ಕಿಟಕಿಯ ಸರಳಿಗೆ ಮುಖ ಒತ್ತಿ ನೋಡಿದೆ. ಕ್ಲಿಪ್ ಇರಲಿಲ್ಲ. ಬಟ್ಟೆಯ ಒಂದು ತುದಿಯನ್ನು ಗಳಕ್ಕೆ ಗಂಟು ಹಾಕಿ ಕಟ್ಟಿದ್ದರು. ಅದರ ಮೇಲೊಂದು ಗಂಟು.

ಒಣಹಾಕುವ ಬಟ್ಟೆಗೆ ಯಾರು ಗಂಟು ಹಾಕುತ್ತಾರೆ? ನನಗೆ ಆಗ ಅರ್ಥವಾಯಿತು. ಅರ್ಥವಾಗಿ ಏನು ಬಂತು!

ಬಾಯಿಗೆ ಫೋನು ಮಾಡಿದೆ, ಎತ್ತಲಿಲ್ಲ. ಗಿರಿಜಮ್ಮನಿಗೆ ಮಾಡಿದೆ. “ಓಡು, ಮೇಲಕ್ಕೆ ಓಡು! ಅದು ಬಾವುಟ ಕಣೇ!” ಎಂದು ಕಿರುಚಿದೆ. ಅವಳು ಓಡಿ ಬಾಗಿಲು ಬಡಿದಳು, ಹೆಸರು ಹಿಡಿದು ಕೂಗಿದಳು. ಒಳಗಿನಿಂದ ದನಿಯಿಲ್ಲ. ಮಧ್ವರಾಜರು ಆಂಬುಲೆನ್ಸಿಗೆ ಕರೆ ಮಾಡಿದರು. ಅವರು ಬಂದು ಬಾಗಿಲು ಒಡೆಯುವವರೆಗೆ ನಾನು ಕಿಟಕಿಯಲ್ಲಿ ನಿಂತು ನೋಡುವುದಷ್ಟೇ ಆಯಿತು. ಕೈಯಲ್ಲಿ ಪಟ್ಟಿ, ಎದುರಿಗೇ ಅವರ ಮನೆ, ಹೋಗುವ ಹಾಗಿಲ್ಲ.

ಬಾಯಿ ಅಡುಗೆಮನೆಯ ನೆಲದಲ್ಲಿ ಬಿದ್ದಿದ್ದರಂತೆ. ಜೀವ ಬೆಳಿಗ್ಗೆಯೇ ಹೋಗಿತ್ತು ಎಂದರು. ಕೊರೋನಾ ಇತ್ತು. ಅದರ ಜೊತೆಗೆ ಆ ದೇಹದಲ್ಲಿ ಏನೂ ಇರಲಿಲ್ಲ ಎಂದು ಬಂದವರು ತಮ್ಮತಮ್ಮಲ್ಲೇ ಮಾತಾಡಿಕೊಂಡರಂತೆ. ಹಿಟ್ಟಿನ ಡಬ್ಬಿಯನ್ನು ತೊಳೆದು ಬೋರಲು ಹಾಕಿದ್ದರು, ಅದರ ಮೇಲೆ ದೂಳು ಕೂತಿತ್ತು. ಅಂದರೆ ನಾನು ತಿಂಗಳುಗಟ್ಟಲೆ ನೋಡಿ ನೆಮ್ಮದಿಪಟ್ಟ ಬಟ್ಟೆಗಳಲ್ಲಿ ಕೊನೆಕೊನೆಯವೆಲ್ಲ ಸುಳ್ಳು. ಸಿಸ್ಟರ್‌ರ ತಾಯಿಯ ಹಾಗೆ ಬರೀ ನೀರಲ್ಲದ್ದಿ ಹಾಕಿದ್ದವು. ಕೊನೆಗೊಮ್ಮೆ ಮರ್ಯಾದೆಯನ್ನು ಬದಿಗಿಟ್ಟು, ಮನೆಯಲ್ಲಿದ್ದ ಒಂದೇ ಬಿಳಿ ಬಟ್ಟೆಯನ್ನು ನಿಜವಾದ ಬಾವುಟವಾಗಿ ಕಟ್ಟಿದರು. ಅದನ್ನು ನಂಬುವವರು ನಮ್ಮ ಓಣಿಯಲ್ಲಿ ಒಬ್ಬರೂ ಇರಲಿಲ್ಲ. ಅವರನ್ನು ತಿಳಿಯದ ಆ ಹುಡುಗಿಯೊಬ್ಬಳು ನಂಬಿದ್ದಳು. ತಿಳಿದವರು ನಾವು ತಪ್ಪಿಸಿದೆವು.

ಬಿಳಿ ಉಡುಪಿನವರು ಅವರನ್ನು ಚೀಲದಲ್ಲಿ ಸುತ್ತಿ ಇಳಿಸಿದರು. ಪಾದ್ರಿಗಳಿಗೂ ಹತ್ತಿರ ಬಿಡಲಿಲ್ಲ. ಗಿರಿಜಮ್ಮ ಬಾಗಿಲ ಹೊರಗೆ ಮೆಟ್ಟಿಲ ಮೇಲೆ ಕೂತಿದ್ದಳು. ನನ್ನ ಜೊತೆ ಮಾತಾಡುತ್ತಿದ್ದ ಫೋನನ್ನು ಆರಿಸುವುದನ್ನೂ ಮರೆತಿದ್ದಳು. ಹಾಗಾಗಿ ಅಲ್ಲಿಯ ಮಾತೆಲ್ಲ ನನಗೆ ಕೇಳಿಸುತ್ತಿತ್ತು. ವಿಚಾರಣೆಗೆ ಬಂದ ಪೊಲೀಸಿನವನು ಇನ್ನೂ ಚಿಕ್ಕ ಪ್ರಾಯದವನು, ಮಲಯ್ ಹುಡುಗ. ಒಳ್ಳೆಯವನೇ. ಸಂಬಂಧಿಕರು ಯಾರು, ಕೊನೆಗೆ ಮಾತಾಡಿದವರು ಯಾರು ಎಂದೆಲ್ಲ ಕೇಳಿದ. ಆಮೇಲೆ ಅವಳನ್ನು ಮಾಕ್ಚಿಕ್, ಚಿಕ್ಕಮ್ಮ ಎಂದು ಕರೆದು, ಮೆತ್ತಗೆ, ಬೇಸರದಿಂದ ಕೇಳಿದ. ಇಷ್ಟು ಕಷ್ಟವಿದ್ದರೆ ಅವರು ಬಿಳಿ ಬಾವುಟ ಯಾಕೆ ಹಾಕಲಿಲ್ಲ, ಹಾಕಿದ್ದರೆ ಯಾರಾದರೂ ಬರುತ್ತಿದ್ದರಲ್ಲ?

ನಾನು ಫೋನನ್ನು ಕಿವಿಗೆ ಒತ್ತಿ ಹಿಡಿದೆ.

“ಆದಾ” ಎಂದಳು ಗಿರಿಜಮ್ಮ, ಅವನ ಭಾಷೆಯಲ್ಲಿ. ಇತ್ತು ಎಂದು.

ಆಮೇಲೆ ಅವಳಿಗೆ ಆ ಭಾಷೆ ಸಾಲಲಿಲ್ಲ. “ಇತ್ತಪ್ಪಾ, ಹಾಕಿದ್ಲು. ಬಂದಿದ್ರು. ನಾನೇ ವಾಪಸ್ ಕಳಿಸ್ದೆ” ಎಂದು ಕನ್ನಡದಲ್ಲಿ ಹೇಳಿದಳು. ಹುಡುಗನಿಗೆ ಅರ್ಥವಾಗಲಿಲ್ಲ. ಕೊನೆಯ ಸಲ ಅವರು ನಿಮ್ಮ ಜೊತೆ ಏನು ಮಾತಾಡಿದರು ಎಂದು ಮುಂದಿನ ಪ್ರಶ್ನೆ ಕೇಳಿದ.